ಎರಡನೇ ಕ್ಲಿಕ್‌ಗೆ ಯಾರ ಹಣ? ಲೇನ್ಸ್ ಗಿಫ್ಟ್ಸ್ ಮತ್ತು ಗೂಗಲ್ ನಡುವಿನ ಪ್ರಕರಣ

2005ರ ಫೆಬ್ರುವರಿಯಲ್ಲಿ ಅಮೆರಿಕದ ಅರ್ಕನ್ಸಾ ರಾಜ್ಯದ ಮಿಲ್ಲರ್ ಕೌಂಟಿ ನ್ಯಾಯಾಲಯದಲ್ಲಿ ಒಂದು ದಾವೆ ದಾಖಲಾಯಿತು. ಹೂಡಿದವರು ‘ಲೇನ್ಸ್ ಗಿಫ್ಟ್ಸ್ ಅಂಡ್ ಕಲೆಕ್ಟಿಬಲ್ಸ್’ ಎಂಬ ಉಡುಗೊರೆ ಸಾಮಾನಿನ ಅಂಗಡಿಯವರು ಮತ್ತು ಒಂದು ಖಾಸಗಿ ಪತ್ತೇದಾರಿ ಸಂಸ್ಥೆಯವರು. ಎದುರಿಗಿದ್ದವರು ಗೂಗಲ್, ಯಾಹೂ, ಎಒಎಲ್, ಆಸ್ಕ್ ಜೀವ್ಸ್, ಲೈಕಾಸ್, ಲುಕ್‌ಸ್ಮಾರ್ಟ್ ಮೊದಲಾದ ಅಂದಿನ ದೊಡ್ಡ ಹುಡುಕಾಟ ಕಂಪನಿಗಳು. ದೂರಿನ ತಿರುಳು ಇಷ್ಟು: ನಮ್ಮ ಜಾಹೀರಾತಿನ ಕೊಂಡಿಯನ್ನು ಜನ ಎಷ್ಟು ಸಲ ಒತ್ತಿದರು ಎಂದು ಈ ಕಂಪನಿಗಳೇ ಎಣಿಸುತ್ತವೆ, ಎಣಿಸಿದಷ್ಟಕ್ಕೂ ನಮ್ಮಿಂದ ಹಣ ವಸೂಲು ಮಾಡುತ್ತವೆ; ಕೊಳ್ಳುವ ಮನಸ್ಸೇ ಇಲ್ಲದವರು ಬೇಕೆಂದೇ ಒತ್ತಿದ ಕ್ಲಿಕ್‌ಗಳೂ ಆ ಲೆಕ್ಕದಲ್ಲಿ ಸೇರಿವೆ, ಅದು ಗೊತ್ತಿದ್ದರೂ ಬಿಲ್ ಬರುತ್ತಲೇ ಇದೆ. ಕರಾರಿನ ಉಲ್ಲಂಘನೆ, ಅನ್ಯಾಯದ ಗಳಿಕೆ, ಒಳಸಂಚು ಎಂಬ ಆರೋಪಗಳನ್ನು ಹೊರಿಸಲಾಯಿತು. ಅಂಗಡಿಯವರು ತಮ್ಮೊಬ್ಬರ ಪರವಾಗಿ ಮಾತ್ರ ಕೇಳಲಿಲ್ಲ. ಹೀಗೆ ಹಣ ತೆತ್ತ ಎಲ್ಲ ಜಾಹೀರಾತುದಾರರ ಪರವಾಗಿ ಸಾಮೂಹಿಕ ದಾವೆ ಹೂಡಿದರು.

ಈ ಪ್ರಕರಣವನ್ನು ಸಾಮಾನ್ಯವಾಗಿ ‘ಕ್ಲಿಕ್ ವಂಚನೆ’ಯ ಕಥೆಯಾಗಿ ಹೇಳುತ್ತಾರೆ. ವಂಚಕರು ಇದ್ದರು ಎಂಬುದು ನಿಜ. ಆದರೆ ದಾಖಲೆಗಳನ್ನು ಓದಿದಂತೆಲ್ಲ ನನಗೆ ಅನಿಸುವುದು, ಇಲ್ಲಿನ ಮುಖ್ಯ ಪ್ರಶ್ನೆ ವಂಚಕರದ್ದಲ್ಲ ಎಂದು. ಒಂದು ಕ್ಲಿಕ್ ಎಂದರೆ ಏನು, ಅದನ್ನು ತೀರ್ಮಾನಿಸುವವರು ಯಾರು, ಹಣ ಕೊಡುವವನಿಗೆ ಆ ತೀರ್ಮಾನವನ್ನು ಪರೀಕ್ಷಿಸುವ ದಾರಿ ಇದೆಯೇ ಎಂಬುದೇ ಮುಖ್ಯ ಪ್ರಶ್ನೆ. ಸ್ವಂತ ಜಾಲತಾಣದಲ್ಲಿ ಒಂದು ಕೊಂಡಿ ಹಾಕಿ ಎಷ್ಟು ಜನ ಒತ್ತಿದರು ಎಂದು ನೋಡುವ ಪ್ರತಿಯೊಬ್ಬರೂ, ಹಣದ ವ್ಯವಹಾರ ಇಲ್ಲದಿದ್ದರೂ, ಇದೇ ಪ್ರಶ್ನೆಯನ್ನು ಎದುರಿಸುತ್ತಾರೆ.

ಎಣಿಕೆ ನಡೆಯುವ ಜಾಗ

ಜಾಲದಲ್ಲಿ ಜಾಹೀರಾತು ಬಂದ ಹೊಸದರಲ್ಲಿ ಪತ್ರಿಕೆಗಳ ರೂಢಿಯೇ ನಡೆಯುತ್ತಿತ್ತು. ಇಷ್ಟು ದಿನ ತೋರಿಸುತ್ತೇವೆ, ಇಷ್ಟು ಸಾವಿರ ಸಲ ತೋರಿಸುತ್ತೇವೆ ಎಂದು ದರ ನಿಗದಿಯಾಗುತ್ತಿತ್ತು. ಬಿಲ್ ಗ್ರಾಸ್ ಆರಂಭಿಸಿದ ಗೋಟು ಡಾಟ್ ಕಾಮ್ 1998ರಲ್ಲಿ ಇದನ್ನು ತಿರುಗಿಸಿ ಹಾಕಿತು. ತೋರಿಸಿದ್ದಕ್ಕೆ ಹಣ ಬೇಡ, ಕೊಂಡಿ ಒತ್ತಿದರೆ ಮಾತ್ರ ಕೊಡಿ. ಒಂದು ಕ್ಲಿಕ್‌ಗೆ ಎಷ್ಟು ಕೊಡುತ್ತೀರಿ ಎಂದು ನೀವೇ ಹರಾಜು ಕೂಗಿ ಎಂದಿತು. ಇದೇ ಕಂಪನಿ ಮುಂದೆ ಓವರ್ಚರ್ ಎಂದು ಹೆಸರು ಬದಲಿಸಿಕೊಂಡು 2003ರಲ್ಲಿ ಯಾಹೂ ಪಾಲಾಯಿತು. ಗೂಗಲ್‌ನ ಜಾಹೀರಾತು ಸೇವೆ ಆ್ಯಡ್‌ವರ್ಡ್ಸ್ 2000ದ ಅಕ್ಟೋಬರ್‌ನಲ್ಲಿ ಶುರುವಾದಾಗ ಸಾವಿರ ಪ್ರದರ್ಶನಕ್ಕೆ ಇಷ್ಟು ಎಂಬ ಹಳೆಯ ಲೆಕ್ಕವೇ ಇತ್ತು. 2002ರ ಫೆಬ್ರುವರಿಯಲ್ಲಿ ಅದೂ ಕ್ಲಿಕ್ ಲೆಕ್ಕಕ್ಕೆ ಬಂತು. ಅದರ ಜೊತೆಗೆ ಇನ್ನೊಂದು ಮುಖ್ಯ ಬದಲಾವಣೆಯೂ ಆಯಿತು: ಯಾರು ಹೆಚ್ಚು ಹಣ ಕೂಗಿದರು ಎಂಬುದರ ಜೊತೆಗೆ ಯಾರ ಜಾಹೀರಾತನ್ನು ಜನ ಹೆಚ್ಚು ಒತ್ತುತ್ತಾರೆ ಎಂಬುದನ್ನೂ ನೋಡಿ ಪುಟದಲ್ಲಿ ಜಾಗ ಕೊಡುವುದು. ಹಾಗಾಗಿ ಕ್ಲಿಕ್ ಸಂಖ್ಯೆ ಬಿಲ್ಲನ್ನೂ ನಿರ್ಧರಿಸಿತು, ಸ್ಥಾನವನ್ನೂ ನಿರ್ಧರಿಸಿತು.

ಎಣಿಕೆಯ ತಂತ್ರ ಬಹಳ ಸರಳ. ಪರದೆಯಲ್ಲಿ ಕಾಣುವ ಜಾಹೀರಾತಿನ ಕೊಂಡಿ ನೇರವಾಗಿ ಅಂಗಡಿಯ ಜಾಲತಾಣಕ್ಕೆ ಹೋಗುವುದಿಲ್ಲ. ಅದು ಮೊದಲು ಎಣಿಸುವವರ ಸರ್ವರ್‌ಗೆ ಹೋಗುತ್ತದೆ. ಆ ಸರ್ವರ್ ತನ್ನ ಕಡತದಲ್ಲಿ ಒಂದು ಸಾಲು ಬರೆದುಕೊಳ್ಳುತ್ತದೆ: ಯಾವ ಹೊತ್ತು, ಯಾವ ಐಪಿ ವಿಳಾಸ (ಜಾಲದಲ್ಲಿ ಆ ಸಂಪರ್ಕದ ಅಂಕಿಗಳ ವಿಳಾಸ), ಯಾವ ಬ್ರೌಸರ್, ಯಾವ ಕುಕಿ (ಬ್ರೌಸರ್‌ನಲ್ಲಿ ಇಟ್ಟಿರುವ ಗುರುತಿನ ಚೀಟಿ), ಯಾವ ಜಾಹೀರಾತು. ಬರೆದುಕೊಂಡ ಮೇಲೆ ‘ನೀನು ಕೇಳಿದ್ದು ಅಲ್ಲಿದೆ, ಅಲ್ಲಿಗೆ ಹೋಗು’ ಎಂದು 302 ಎಂಬ ಸಂಕೇತದ ಉತ್ತರ ಕಳುಹಿಸುತ್ತದೆ. ಬ್ರೌಸರ್ ಆಗ ಅಂಗಡಿಯ ಪುಟವನ್ನು ಕೇಳುತ್ತದೆ. ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವುದರಿಂದ ನಡುವಿನ ಈ ನಿಲ್ದಾಣ ಓದುಗನ ಗಮನಕ್ಕೆ ಬರುವುದಿಲ್ಲ. ಇಂದು ಕಿರುಕೊಂಡಿ ಮಾಡಿಕೊಡುವ ಸೇವೆಗಳೂ, ಸುದ್ದಿಪತ್ರದ ಇಮೇಲ್ ಕಳುಹಿಸುವ ಸೇವೆಗಳೂ ಕ್ಲಿಕ್ ಎಣಿಸುವುದು ಹೀಗೆಯೇ.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಬೆರಳು ಮೌಸ್ ಒತ್ತಿದ್ದನ್ನು ಸರ್ವರ್ ಕಾಣುವುದಿಲ್ಲ. ಒಂದು ಕೋರಿಕೆ ಬಂತು ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ಆ ಕೋರಿಕೆಯ ಹಿಂದೆ ಒಬ್ಬ ಮನುಷ್ಯ ಇದ್ದ, ಅವನು ಜಾಹೀರಾತು ಓದಿದ, ಆಸಕ್ತಿಯಿಂದ ಒತ್ತಿದ ಎಂಬುದೆಲ್ಲ ಎಣಿಸುವವನ ಊಹೆ. ಕಡತದ ಸಾಲು ಒಂದು ಘಟನೆ. ‘ಹಣ ಕೊಡಬೇಕಾದ ಕ್ಲಿಕ್’ ಎಂಬುದು ಒಂದು ತೀರ್ಪು. ಈ ಎರಡರ ನಡುವಿನ ದೂರದಲ್ಲೇ ಇಡೀ ವ್ಯಾಜ್ಯ ಬೆಳೆದದ್ದು.

ಡಬಲ್ ಕ್ಲಿಕ್

ಆ ದೂರ ಎಷ್ಟೆಂದು ತೋರಿಸಲು ವಂಚಕನ ಅಗತ್ಯವೇ ಇಲ್ಲ, ಸಭ್ಯ ಗ್ರಾಹಕನೊಬ್ಬ ಸಾಕು. ನಮ್ಮೂರುಗಳ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ‘ಡಬಲ್ ಕ್ಲಿಕ್ ಮಾಡಿ’ ಎಂಬುದೇ ಮೊದಲ ಪಾಠವಾಗಿದ್ದ ಕಾಲವೊಂದಿತ್ತು. ವಿಂಡೋಸ್ ಪರದೆಯ ಚಿಹ್ನೆಯೊಂದನ್ನು ತೆರೆಯಲು ಎರಡು ಸಲ ಬೇಗ ಬೇಗ ಒತ್ತಬೇಕು; ಎರಡರ ನಡುವೆ 500 ಮಿಲಿಸೆಕೆಂಡ್, ಅಂದರೆ ಅರ್ಧ ಸೆಕೆಂಡಿನವರೆಗೆ ಅಂತರವಿದ್ದರೂ ವಿಂಡೋಸ್ ಅದನ್ನು ಒಂದೇ ಕ್ರಿಯೆ ಎಂದು ಸ್ವೀಕರಿಸುತ್ತದೆ. ಹೀಗೆ ಕಲಿತ ಕೈ ಜಾಲಪುಟದ ಕೊಂಡಿಯನ್ನೂ ಎರಡು ಸಲವೇ ಒತ್ತುತ್ತದೆ. ಜಾಲಪುಟದಲ್ಲಿ ಒಂದೇ ಸಲ ಒತ್ತಿದರೆ ಸಾಕು ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ, ಎರಡು ಸಲ ಒತ್ತಿದರೂ ಪುಟ ತೆರೆದುಕೊಳ್ಳುವುದರಿಂದ ತಿದ್ದಿಕೊಳ್ಳುವ ಪ್ರಮೇಯವೂ ಬರುವುದಿಲ್ಲ.

ಈಗ ಯಂತ್ರದ ಒಳಗೆ ಏನಾಗುತ್ತದೆ ನೋಡಿ. ಮೊದಲ ಒತ್ತಿಗೆ ಬ್ರೌಸರ್ ಎಣಿಸುವ ಸರ್ವರ್‌ಗೆ ಕೋರಿಕೆ ಕಳುಹಿಸುತ್ತದೆ. ಉತ್ತರ ಬರಲು ಸ್ವಲ್ಪ ಹೊತ್ತು ಬೇಕು. ದೂರವಾಣಿ ತಂತಿಯ ಇಂಟರ್ನೆಟ್ ಇದ್ದ ಕಾಲದಲ್ಲಿ ಆ ಹೊತ್ತು ಇನ್ನೂ ಹೆಚ್ಚು. ಅಷ್ಟರಲ್ಲಿ ಹಳೆಯ ಪುಟ ಪರದೆಯ ಮೇಲೇ ಇರುತ್ತದೆ, ಕೊಂಡಿಯೂ ಬೆರಳಿನ ಕೆಳಗೇ ಇರುತ್ತದೆ. ಎರಡನೇ ಒತ್ತು ಅದೇ ಕೊಂಡಿಯ ಮೇಲೆ ಬೀಳುತ್ತದೆ. ಬ್ರೌಸರ್ ಮೊದಲ ಕೋರಿಕೆಯನ್ನು ಕೈಬಿಟ್ಟು ಎರಡನೆಯದನ್ನು ಕಳುಹಿಸುತ್ತದೆ. ಗ್ರಾಹಕನ ಕಣ್ಣಿಗೆ ಒಂದೇ ಪುಟ ತೆರೆಯಿತು. ಅಂಗಡಿಯ ಸರ್ವರ್‌ಗೂ ಹೆಚ್ಚಿನ ಸಲ ಒಬ್ಬನೇ ಬಂದಂತೆ ಕಾಣುತ್ತದೆ. ಎಣಿಸುವವರ ಕಡತದಲ್ಲಿ ಮಾತ್ರ ಎರಡು ಸಾಲುಗಳು ಕೂತಿರುತ್ತವೆ: ಅದೇ ಐಪಿ ವಿಳಾಸ, ಅದೇ ಕುಕಿ, ಅದೇ ಜಾಹೀರಾತು, ನಡುವೆ ಒಂದು ಸೆಕೆಂಡಿನ ಚೂರು. ಕ್ಲಿಕ್‌ಗೆ ಅರ್ಧ ಡಾಲರ್ ಕೂಗಿದ ಅಂಗಡಿಯವನಿಂದ, ಎರಡೂ ಸಾಲನ್ನು ಲೆಕ್ಕಕ್ಕೆ ಹಿಡಿದರೆ, ಒಬ್ಬ ಗ್ರಾಹಕನಿಗೆ ಒಂದು ಡಾಲರ್ ಹೋಗುತ್ತದೆ.

ಇದು ಪುಸ್ತಕದ ಉದಾಹರಣೆಯಲ್ಲ. 2005ರ ಆರಂಭದವರೆಗೆ ಗೂಗಲ್ ಡಬಲ್ ಕ್ಲಿಕ್‌ನ ಎರಡನೇ ಒತ್ತನ್ನೂ ಸಿಂಧುವೆಂದು ಪರಿಗಣಿಸಿ ಹಣ ಪಡೆಯುತ್ತಿತ್ತು. ಆಮೇಲೆ ನಿಯಮ ಬದಲಿಸಿತು, ಎರಡನೆಯದನ್ನು ಅಸಿಂಧು ಎಂದಿತು. ಈ ಸಂಗತಿ ಹೊರಗೆ ಬಂದದ್ದು ಲೇನ್ಸ್ ಗಿಫ್ಟ್ಸ್ ಪ್ರಕರಣಕ್ಕಾಗಿ ಬರೆದ ತಜ್ಞ ವರದಿಯಿಂದ. ಯಾರೋ ಮೋಸ ಮಾಡಿದರು ಎಂದು ಹೇಳುವಂತಿಲ್ಲ. ಎಣಿಸುವವರು ‘ಇದೂ ಒಂದು ಕ್ಲಿಕ್’ ಎಂದುಕೊಂಡಿದ್ದರು, ಒಂದು ದಿನ ‘ಅಲ್ಲ’ ಎಂದುಕೊಂಡರು. ಅಂದಿನವರೆಗೆ ಹಣ ಕಟ್ಟಿದವರಿಗೆ ಹೀಗೊಂದು ತೀರ್ಮಾನ ಜಾರಿಯಲ್ಲಿದೆ ಎಂದು ತಿಳಿಯುವ ಬಗೆಯೇ ಇರಲಿಲ್ಲ. ಇಡೀ ಪ್ರಕರಣದಲ್ಲಿ ನನ್ನನ್ನು ಅತಿ ಹೆಚ್ಚು ತಟ್ಟಿದ್ದು ಇದೇ. ಆಟೋ ಮೀಟರ್ ಚಾಲಕನ ಸ್ವತ್ತೇ ಆದರೂ ಅದರ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುತ್ತದೆ, ಕಿಲೋಮೀಟರ್ ಎಂದರೆ ಎಷ್ಟು ಎಂಬುದನ್ನು ಚಾಲಕ ನಿರ್ಧರಿಸುವುದಿಲ್ಲ. ಕ್ಲಿಕ್‌ನ ಮೀಟರ್‌ಗೆ ಆಗ ಅಂಥ ಮುದ್ರೆಯೂ ಇರಲಿಲ್ಲ, ಎಲ್ಲರೂ ಒಪ್ಪಿದ ಅಳತೆಯೂ ಇರಲಿಲ್ಲ.

ಬೇಕೆಂದೇ ಒತ್ತುವವರು

ವಂಚನೆಯ ಭಾಗವನ್ನೂ ನೋಡಿಬಿಡೋಣ. ಸುಳ್ಳು ಕ್ಲಿಕ್‌ಗೆ ಎರಡು ದೊಡ್ಡ ಪ್ರೇರಣೆಗಳಿದ್ದವು. ಒಂದು, ಪೈಪೋಟಿ. ಎದುರಾಳಿ ಅಂಗಡಿಯವನ ಜಾಹೀರಾತನ್ನು ಬೆಳಿಗ್ಗೆಯೇ ಒತ್ತಿ ಒತ್ತಿ ಅವನ ದಿನದ ಬಜೆಟ್ ಖಾಲಿ ಮಾಡಿದರೆ ಅವನ ಜಾಹೀರಾತು ಮರೆಯಾಗುತ್ತದೆ, ಪುಟದಲ್ಲಿ ನಮ್ಮದು ಮೇಲೆ ಬರುತ್ತದೆ. ಎರಡನೆಯದು ಆ್ಯಡ್‌ಸೆನ್ಸ್ ಬಂದ ಮೇಲೆ, ಅಂದರೆ 2003ರ ನಂತರ ಬಲವಾಯಿತು. ಯಾರು ಬೇಕಾದರೂ ತಮ್ಮ ಜಾಲತಾಣದಲ್ಲಿ ಗೂಗಲ್ ಕಳುಹಿಸುವ ಜಾಹೀರಾತು ತೋರಿಸಿ ಕ್ಲಿಕ್ ಆದಾಯದಲ್ಲಿ ಪಾಲು ಪಡೆಯಬಹುದು ಎಂದಾದಾಗ, ತಮ್ಮ ತಾಣದ ಜಾಹೀರಾತನ್ನು ತಾವೇ ಒತ್ತುವ, ಕೂಲಿ ಕೊಟ್ಟು ಒತ್ತಿಸುವ ದಂಧೆ ಹುಟ್ಟಿತು.

ಈ ಕೂಲಿಯ ಕಥೆ ಭಾರತಕ್ಕೂ ತಾಗುತ್ತದೆ. ಮನೆಯಲ್ಲಿ ಕೂತು ಜಾಹೀರಾತು ಒತ್ತಿ ಸಂಪಾದಿಸುವ ಗೃಹಿಣಿಯರು, ಪದವೀಧರರ ಬಗ್ಗೆ 2004ರ ಮೇ ತಿಂಗಳಿನಲ್ಲಿ ಟೈಮ್ಸ್ ಆಫ್ ಇಂಡಿಯಾ ವರದಿ ಮಾಡಿತ್ತು. ತಿಂಗಳಿಗೆ 100ರಿಂದ 200 ಡಾಲರ್ ಗಳಿಕೆಯ ಮಾತು ಅದರಲ್ಲಿತ್ತು. ಅಮೆರಿಕದ ಜಾಹೀರಾತುದಾರರು ಆ ವರದಿಯನ್ನು ಮುಂದೆ ಮತ್ತೆ ಮತ್ತೆ ಉಲ್ಲೇಖಿಸಿದರು. ಆ ಹೆಂಗಸರನ್ನು ವಂಚಕರೆಂದು ಕರೆಯಲು ನನಗೆ ಮನಸ್ಸಿಲ್ಲ. ಕೊಂಡಿ ಒತ್ತುವುದು ಕೂಲಿ ಕೆಲಸವೆಂದು ಅವರಿಗೆ ಹೇಳಲಾಗಿತ್ತು. ಒತ್ತಿನ ಇನ್ನೊಂದು ತುದಿಯಲ್ಲಿ ಬೇರೆ ದೇಶದ ಸಣ್ಣ ವ್ಯಾಪಾರಿಯ ಖಾತೆಯಿಂದ ಹಣ ಹೋಗುತ್ತಿದೆ ಎಂಬುದು ಅವರ ಪರದೆಯ ಮೇಲೆ ಕಾಣುವ ವಿಷಯವೇ ಅಲ್ಲ.

ಗೂಗಲ್‌ನೊಳಗೂ ಆತಂಕವಿತ್ತು. 2004ರ ಡಿಸೆಂಬರ್‌ನಲ್ಲಿ ಕಂಪನಿಯ ಹಣಕಾಸು ಮುಖ್ಯಸ್ಥ ಜಾರ್ಜ್ ರೇಯೆಸ್ ಹೂಡಿಕೆದಾರರ ಸಭೆಯೊಂದರಲ್ಲಿ, ಇದಕ್ಕೆ ಬೇಗ ಏನಾದರೂ ಮಾಡದಿದ್ದರೆ ನಮ್ಮ ವ್ಯವಹಾರದ ಮಾದರಿಗೇ ಅಪಾಯವಿದೆ ಎಂಬರ್ಥದ ಮಾತನ್ನು ಬಹಿರಂಗವಾಗಿ ಆಡಿದ್ದರು. ಅದಕ್ಕೂ ಒಂದು ತಿಂಗಳು ಮುಂಚೆ ಟೆಕ್ಸಾಸ್‌ನ ಆಕ್ಷನ್ಸ್ ಎಕ್ಸ್‌ಪರ್ಟ್ ಇಂಟರ್‌ನ್ಯಾಷನಲ್ ಎಂಬ ಕಂಪನಿಯ ಮೇಲೆ ಗೂಗಲ್ ತಾನೇ ದಾವೆ ಹೂಡಿತ್ತು, 2005ರ ಜುಲೈನಲ್ಲಿ 75,000 ಡಾಲರ್ ತೀರ್ಪನ್ನೂ ಪಡೆಯಿತು. ಆದರೂ ಒಂದು ವಿರೋಧಾಭಾಸ ಉಳಿದೇ ಇತ್ತು. ಸುಳ್ಳು ಕ್ಲಿಕ್ ಸಿಕ್ಕಿಬೀಳದಿದ್ದರೆ ಅದರ ಹಣದಲ್ಲಿ ಪಾಲು ಎಣಿಸುವವರಿಗೂ ಬರುತ್ತದೆ. ಎಣಿಸುವವರು ಪ್ರಾಮಾಣಿಕರೇ ಆಗಿರಲಿ, ಅವರ ಮಾತೊಂದನ್ನೇ ನಂಬಿ ಬಿಲ್ ಕಟ್ಟಿ ಎಂದು ವ್ಯಾಪಾರಿಗೆ ಹೇಳಲು ಬರುವುದಿಲ್ಲ.

ರಾಜಿ

2006ರ ಮಾರ್ಚ್‌ನಲ್ಲಿ ಗೂಗಲ್ ರಾಜಿಗೆ ಒಪ್ಪಿತು. ಒಟ್ಟು ಮೊತ್ತ ಹೆಚ್ಚೆಂದರೆ 9 ಕೋಟಿ ಡಾಲರ್, ವಕೀಲರ ಶುಲ್ಕವೂ ಅದರಲ್ಲೇ ಸೇರಿತ್ತು. ಶುಲ್ಕ 3 ಕೋಟಿಯಾಯಿತು. ಉಳಿದದ್ದು ಜಾಹೀರಾತುದಾರರಿಗೆ, ಅದೂ ನಗದಲ್ಲ, ಮುಂದೆ ಗೂಗಲ್‌ನಲ್ಲೇ ಜಾಹೀರಾತು ಹಾಕಲು ಬಳಸಬಹುದಾದ ಜಮೆ. ಅಲ್ಲಿಯವರೆಗೆ ಅಸಿಂಧು ಕ್ಲಿಕ್‌ನ ತಕರಾರನ್ನು 60 ದಿನಗಳೊಳಗೆ ಎತ್ತಬೇಕು ಎಂಬ ನಿಯಮವಿತ್ತು. ರಾಜಿಯಲ್ಲಿ 2002ರಿಂದ ಈಚಿನ ಎಲ್ಲ ಕ್ಲಿಕ್‌ಗಳಿಗೂ ತಕರಾರು ಸಲ್ಲಿಸಲು ಅವಕಾಶ ಸಿಕ್ಕಿತು. ಕೆಲವು ಜಾಹೀರಾತುದಾರರು ಈ ಮೊತ್ತ ಏನೇನೂ ಸಾಲದು ಎಂದು ಆಕ್ಷೇಪಿಸಿದರು. ನ್ಯಾಯಾಧೀಶ ಜೋ ಗ್ರಿಫಿನ್ 2006ರ ಜುಲೈ ಕೊನೆಯಲ್ಲಿ ರಾಜಿಗೆ ಅಂತಿಮ ಒಪ್ಪಿಗೆ ಕೊಟ್ಟರು.

ಗೂಗಲ್‌ನ 2005ರ ಒಂದೇ ವರ್ಷದ ವರಮಾನ 610 ಕೋಟಿ ಡಾಲರಿಗೂ ಮೇಲೆ, ಅದರಲ್ಲಿ ಬಹುಪಾಲು ಜಾಹೀರಾತಿನದೇ. ನಾಲ್ಕು ವರ್ಷಗಳ ತಕರಾರಿಗೆ ಒಂದು ವರ್ಷದ ವರಮಾನದ ಸುಮಾರು ಒಂದೂವರೆ ಶೇಕಡಾ. ಆಕ್ಷೇಪಿಸಿದವರ ಕಡೆಗೇ ನನ್ನ ಒಲವು. ಕಳೆದುಕೊಂಡ ಹಣಕ್ಕೆ ಪರಿಹಾರವಾಗಿ ಕಳೆದುಕೊಂಡ ಅಂಗಡಿಯಲ್ಲೇ ಖರ್ಚು ಮಾಡುವ ಚೀಟಿ ಕೊಟ್ಟರೆ, ಮುಂದೆ ಆ ಅಂಗಡಿಗೆ ಹೋಗಲು ಇಷ್ಟವಿಲ್ಲದವನಿಗೆ ಅದರಿಂದ ಏನೂ ದಕ್ಕುವುದಿಲ್ಲ. ಆದರೆ ಈ ರಾಜಿಯ ಒಂದು ಭಾಗ ಹಣಕ್ಕಿಂತ ಬೆಲೆಬಾಳುವಂಥದು. ಗೂಗಲ್‌ನ ಎಣಿಕೆಯ ಒಳಮನೆಗೆ ಹೊರಗಿನ ತಜ್ಞರೊಬ್ಬರನ್ನು ಬಿಟ್ಟುಕೊಂಡು, ಅವರ ವರದಿಯನ್ನು ನ್ಯಾಯಾಲಯಕ್ಕೆ ಕೊಡಬೇಕೆಂದು ಗೊತ್ತಾಯಿತು.

ಟುಜಿಲಿನ್ ವರದಿ

ಆ ತಜ್ಞರು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸ್ಟರ್ನ್ ಶಾಲೆಯ ಮಾಹಿತಿ ವ್ಯವಸ್ಥೆಗಳ ಪ್ರಾಧ್ಯಾಪಕ ಅಲೆಕ್ಸಾಂಡರ್ ಟುಜಿಲಿನ್. ಗೂಗಲ್ ಕಚೇರಿಗೆ ಹೋಗಿ, ಅಲ್ಲಿನ ಎಂಜಿನಿಯರುಗಳನ್ನೂ ತಕರಾರು ಪರಿಶೀಲಿಸುವ ಸಿಬ್ಬಂದಿಯನ್ನೂ ಮಾತನಾಡಿಸಿ ಅವರು ಬರೆದ 47 ಪುಟಗಳ ವರದಿಗೆ 2006ರ ಜುಲೈ 21ರ ದಿನಾಂಕವಿದೆ. ಅವರಿಗೆ ಒಪ್ಪಿಸಿದ ಪ್ರಶ್ನೆ ಒಂದೇ: ಅಸಿಂಧು ಕ್ಲಿಕ್ ಹಿಡಿಯಲು ಗೂಗಲ್ ಮಾಡುತ್ತಿರುವ ಪ್ರಯತ್ನ ಸಮಂಜಸವೇ? ಅವರ ಉತ್ತರ: ಹೌದು. ಸುದ್ದಿಯಾದದ್ದು ಅಷ್ಟೇ. ವರದಿಯ ಬೆಲೆ ಇರುವುದು ಆ ಉತ್ತರಕ್ಕೆ ಬರುವ ಮುಂಚಿನ ಪುಟಗಳಲ್ಲಿ.

ಟುಜಿಲಿನ್ ಮೊದಲು ಕೈಗೆತ್ತಿಕೊಂಡದ್ದು ಅಸಿಂಧು ಕ್ಲಿಕ್‌ನ ವ್ಯಾಖ್ಯೆಯನ್ನು. ಕೆಟ್ಟ ಉದ್ದೇಶದಿಂದ ಒತ್ತಿದ್ದು ಅಸಿಂಧು ಎನ್ನಬಹುದು. ಆದರೆ ಉದ್ದೇಶ ಇರುವುದು ಒತ್ತಿದವನ ತಲೆಯೊಳಗೆ. ಕಡತದ ಸಾಲಿನಲ್ಲಿ ಅದಕ್ಕೊಂದು ಅಂಕಣ ಇಲ್ಲ. ಅವರು ಕೊಡುವ ಉದಾಹರಣೆಯೊಂದು ನನಗೆ ಬಹಳ ಹಿಡಿಸಿತು. ಒಬ್ಬ ಜಾಹೀರಾತನ್ನು ಒತ್ತಿ ಅಂಗಡಿಯ ಪುಟ ನೋಡುತ್ತಾನೆ, ಬೇರೆ ಕಡೆ ಹೋಗುತ್ತಾನೆ, ಸ್ವಲ್ಪ ಹೊತ್ತಿನಲ್ಲೇ ಏನೋ ಖಚಿತಪಡಿಸಿಕೊಳ್ಳಲು ಮರಳಿ ಬಂದು ಅದೇ ಜಾಹೀರಾತನ್ನು ಮತ್ತೆ ಒತ್ತುತ್ತಾನೆ. ಈ ಎರಡನೇ ಕ್ಲಿಕ್ ಸಿಂಧುವೋ ಅಸಿಂಧುವೋ? ಕೊಳ್ಳುವ ಮನಸ್ಸು ಗಟ್ಟಿಯಾಗಿದೆ ಎಂಬುದಕ್ಕೆ ಅದೇ ಸಾಕ್ಷಿ ಎನ್ನಬಹುದು. ಒಬ್ಬನೇ ಗ್ರಾಹಕನಿಗೆ ಎರಡು ಸಲ ಹಣ ಯಾಕೆ ಕೊಡಬೇಕು ಎಂದೂ ಕೇಳಬಹುದು. ಎರಡೂ ನ್ಯಾಯವಾದ ಮಾತೇ. ಅರ್ಧ ಸೆಕೆಂಡಿನ ಅಂತರವಾದರೆ ಕೈಯ ಅಭ್ಯಾಸ, ಹತ್ತು ನಿಮಿಷವಾದರೆ ಮರುಭೇಟಿ ಎನ್ನೋಣ, ಇಪ್ಪತ್ತು ಸೆಕೆಂಡಾದರೆ? ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಎಳೆಯುವ ಕೈ ಎಣಿಸುವವನದು.

ಇಲ್ಲಿಂದ ಟುಜಿಲಿನ್ ಒಂದು ಮೂಲಭೂತ ಸಮಸ್ಯೆಗೆ ಬರುತ್ತಾರೆ. ಗೆರೆ ಎಲ್ಲಿದೆ ಎಂದು ಗೂಗಲ್ ಬಹಿರಂಗವಾಗಿ ಹೇಳಿದರೆ ವಂಚಕರು ಅದರ ಒಂದು ಕೂದಲೆಳೆ ಆಚೆ ನಿಂತು ಒತ್ತುತ್ತಾರೆ. ಹೇಳದಿದ್ದರೆ, ತನ್ನಿಂದ ಯಾವ ಕ್ಲಿಕ್‌ಗೆ ಯಾಕೆ ಹಣ ತೆಗೆದುಕೊಂಡರು ಎಂದು ಪರೀಕ್ಷಿಸಲು, ತಕರಾರು ಮಾಡಲು ಜಾಹೀರಾತುದಾರನಿಗೆ ಸಾಧ್ಯವೇ ಇಲ್ಲ. ಈ ಇಕ್ಕಟ್ಟಿಗೆ ಅವರು ಪರಿಹಾರ ಕೊಟ್ಟಿಲ್ಲ, ಕೊಟ್ಟಂತೆ ತೋರಿಸಿಕೊಳ್ಳುವುದೂ ಇಲ್ಲ. ಸಮಸ್ಯೆಯನ್ನು ಇಷ್ಟು ನೇರವಾಗಿ ಕಾಗದಕ್ಕೆ ಇಳಿಸಿದ್ದಕ್ಕಾಗಿ ಆ ವರದಿಯ ಬಗ್ಗೆ ನನಗೆ ಗೌರವವಿದೆ.

ಕೆಲಸ ನಡೆಯುವ ರೀತಿಯನ್ನೂ ವರದಿ ಬಿಡಿಸಿ ಹೇಳುತ್ತದೆ. ಕ್ಲಿಕ್‌ಗಳು ಮೊದಲು ಸ್ವಯಂಚಾಲಿತ ಸೋಸಣಿಗೆಗಳ ಮೂಲಕ ಹಾಯುತ್ತವೆ. ಸಿಕ್ಕಿಬಿದ್ದವು ಬಿಲ್ಲಿಗೆ ಸೇರುವುದಿಲ್ಲ. ಆಮೇಲೆ, ಕೂಡಲೇ ಅಲ್ಲದೆ ಸಮಯ ತೆಗೆದುಕೊಂಡು ನಡೆಯುವ ಇನ್ನೊಂದು ಸುತ್ತಿನ ಯಾಂತ್ರಿಕ ತಪಾಸಣೆ ಇದೆ. ಕೊನೆಗೆ, ಜಾಹೀರಾತುದಾರರು ದೂರು ಕೊಟ್ಟಾಗ ಮನುಷ್ಯರೇ ಕೂತು ನೋಡುತ್ತಾರೆ. ಸೋಸಣಿಗೆಗಳು ಎರಡು ಬಗೆಯಲ್ಲಿ ಕೆಲಸ ಮಾಡುತ್ತವೆ: ಇಂಥ ನಡವಳಿಕೆ ಕಂಡರೆ ತಳ್ಳಿಹಾಕು ಎಂಬ ನಿಯಮ ಒಂದು ಬಗೆ, ಸಹಜ ಏರಿಳಿತಕ್ಕಿಂತ ತೀರಾ ಬೇರೆಯಾದದ್ದನ್ನು ಗುರುತಿಸುವುದು ಇನ್ನೊಂದು. ‘ಇದು ಸಿಂಧು, ಇದು ಅಸಿಂಧು’ ಎಂದು ಮುಂಚೆಯೇ ಗುರುತು ಹಾಕಿದ ಕ್ಲಿಕ್‌ಗಳನ್ನು ತೋರಿಸಿ ಯಂತ್ರಕ್ಕೆ ಕಲಿಸುವ ಮೂರನೇ ಬಗೆ ಕಷ್ಟ, ಯಾಕೆಂದರೆ ಹಾಗೆ ಖಚಿತವಾಗಿ ಗುರುತು ಹಾಕಲು ಯಾರಿಗೂ ಬರುವುದಿಲ್ಲ. ಒತ್ತಿದವನು ಕೊನೆಗೆ ಏನನ್ನಾದರೂ ಕೊಂಡನೇ ಎಂಬ ಮಾಹಿತಿ ಸಿಕ್ಕರೆ ಸಹಾಯವಾಗುತ್ತಿತ್ತು. ಅದು ಅಂಗಡಿಯವನ ಬಳಿ ಇರುತ್ತದೆ, ಎಲ್ಲರೂ ಅದನ್ನು ಗೂಗಲ್‌ಗೆ ಕೊಡುವುದಿಲ್ಲ.

ಹಾಗಾದರೆ ಸೋಸಣಿಗೆಗಳು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತವೆ ಎಂದು ತಿಳಿಯುವುದು ಹೇಗೆ? ನೇರವಾಗಿ ಅಳೆಯಲು ಆಗುವುದಿಲ್ಲ. ಹಿಡಿದದ್ದನ್ನು ಎಣಿಸಬಹುದು, ತಪ್ಪಿಸಿಕೊಂಡದ್ದನ್ನು ಎಣಿಸಲಾಗುವುದಿಲ್ಲ. ಟುಜಿಲಿನ್ ಪರೋಕ್ಷ ಸಾಕ್ಷಿಗಳನ್ನು ಹಿಡಿದರು. ಹೊಸ ಸೋಸಣಿಗೆ ಸೇರಿಸಿದಾಗ ಹಳೆಯವು ಬಿಟ್ಟದ್ದರಲ್ಲಿ ಅದು ಹಿಡಿಯುವುದು ಅಲ್ಪ. ನಂತರದ ತಪಾಸಣೆಯಲ್ಲಿ ಸಿಗುವುದೂ ಮೊದಲ ಸುತ್ತಿಗೆ ಹೋಲಿಸಿದರೆ ಕಡಿಮೆ. ಬಹುಪಾಲು ಸುಳ್ಳು ಕ್ಲಿಕ್‌ಗಳು ಒಡ್ಡೊಡ್ಡಾದ, ಸುಲಭವಾಗಿ ಸಿಕ್ಕಿಬೀಳುವ ಜಾತಿಯವು, ನಾಜೂಕಾದವು ವಿರಳ, ಹಾಗಾಗಿ ಸರಳ ಸೋಸಣಿಗೆಗಳೂ ಸಾಕಷ್ಟು ಫಲ ಕೊಡುತ್ತವೆ ಎಂಬುದು ಅವರ ವಿವರಣೆ. ಈ ತರ್ಕದಲ್ಲಿ ಒಂದು ತೂತಿದೆ. ಎಲ್ಲ ಸೋಸಣಿಗೆಗಳೂ ಒಂದೇ ರೀತಿಯ ಕುರುಡುತನ ಹೊಂದಿದ್ದರೆ, ಹೊಸದು ಕೂಡ ಹೆಚ್ಚೇನೂ ಹಿಡಿಯುವುದಿಲ್ಲ. ಅದು ಬಲೆ ಬಿಗಿಯಾಗಿದೆ ಎಂಬುದಕ್ಕೆ ಪುರಾವೆಯಾಗುವುದಿಲ್ಲ. ಅದೇ ವರ್ಷ ಪತ್ತೆಯಾದ ಕ್ಲಿಕ್‌ಬಾಟ್.ಎ ಎಂಬ ಕುತಂತ್ರಾಂಶ ಒಂದು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಸೋಂಕಿ, ಯಾವೊಂದು ಕಂಪ್ಯೂಟರಿನ ಮೇಲೂ ಅನುಮಾನ ಬಾರದಷ್ಟು ಕಡಿಮೆ ಪ್ರಮಾಣದಲ್ಲಿ ಒತ್ತಿಸುತ್ತಿತ್ತು. ಗೂಗಲ್‌ನ ಎಂಜಿನಿಯರುಗಳೇ 2007ರಲ್ಲಿ ಅದರ ಅಂಗರಚನೆಯನ್ನು ಬಿಡಿಸಿ ಪ್ರಬಂಧ ಪ್ರಕಟಿಸಿದರು.

ಎದುರು ಪಕ್ಷದ ಎಣಿಕೆ

ಇಷ್ಟು ಓದಿದ ಮೇಲೆ ಎಣಿಕೆಯ ತಪ್ಪೆಲ್ಲ ಒಂದೇ ಕಡೆಯದು ಎನಿಸಬಹುದು. ಹಾಗಿಲ್ಲ. ಜಾಹೀರಾತುದಾರರ ಆತಂಕ ಹೆಚ್ಚಿದಂತೆ ಅವರ ಪರವಾಗಿ ಕ್ಲಿಕ್ ಪರಿಶೋಧಿಸಿಕೊಡುವ ಸಂಸ್ಥೆಗಳು ಹುಟ್ಟಿದವು, ಭಾರೀ ಪ್ರಮಾಣದ ವಂಚನೆ ನಡೆಯುತ್ತಿದೆ ಎಂಬ ಅಂದಾಜುಗಳು ಹರಿದಾಡಿದವು. 2006ರ ಆಗಸ್ಟ್‌ನಲ್ಲಿ ಗೂಗಲ್ ಇಂಥ ಕೆಲವು ಪರಿಶೋಧನೆಗಳನ್ನು ತನ್ನ ಕಡತಗಳೊಂದಿಗೆ ಹೋಲಿಸಿ ಒಂದು ವರದಿ ಹೊರಡಿಸಿತು. ಪರಿಶೋಧಕರು ಪಟ್ಟಿ ಮಾಡಿದ ‘ಕ್ಲಿಕ್’ಗಳಲ್ಲಿ ಕೆಲವು ನಡೆದೇ ಇರಲಿಲ್ಲ ಎಂಬುದು ಅದರ ವಾದ.

ಅದು ಹೇಗೆಂದು ಅಂಗಡಿಯ ಸರ್ವರ್ ಕಡೆಯಿಂದ ನೋಡಬೇಕು. ಪರಿಶೋಧಕರಿಗೆ ಗೂಗಲ್‌ನ ಕಡತ ಸಿಗುವುದಿಲ್ಲ. ಅವರು ಅಂಗಡಿಯ ಪುಟದಲ್ಲಿ ಒಂದು ಚೂರು ಕೋಡ್ ಇಟ್ಟು, ಜಾಹೀರಾತಿನ ಗುರುತಿರುವ ವಿಳಾಸದಲ್ಲಿ ಆ ಪುಟ ಎಷ್ಟು ಸಲ ತೆರೆಯಿತು ಎಂದು ಎಣಿಸುತ್ತಿದ್ದರು. ಗ್ರಾಹಕ ಜಾಹೀರಾತು ಒತ್ತಿ ಬರುತ್ತಾನೆ: ಒಂದು. ಒಂದು ಶಾಲಿನ ಚಿತ್ರ ಒತ್ತಿ ಒಳಗಿನ ಪುಟಕ್ಕೆ ಹೋಗುತ್ತಾನೆ, ಬ್ಯಾಕ್ ಗುಂಡಿ ಒತ್ತಿ ಮರಳುತ್ತಾನೆ: ಮೊದಲ ಪುಟ ಅದೇ ವಿಳಾಸದಲ್ಲಿ ಮತ್ತೆ ತೆರೆಯುತ್ತದೆ, ಎರಡು. ಇನ್ನೊಂದು ಶಾಲು ನೋಡಿ ಮತ್ತೆ ಹಿಂದಕ್ಕೆ: ಮೂರು. ಚಿತ್ರ ಸರಿಯಾಗಿ ಬರಲಿಲ್ಲವೆಂದು ರಿಫ್ರೆಶ್ ಮಾಡುತ್ತಾನೆ: ನಾಲ್ಕು. ಒಂದೇ ಐಪಿ ವಿಳಾಸದಿಂದ ಕೆಲವೇ ನಿಮಿಷಗಳಲ್ಲಿ ನಾಲ್ಕು ಕ್ಲಿಕ್! ವರದಿಯಲ್ಲಿ ಅವನು ವಂಚಕನಾಗುತ್ತಾನೆ. ನಿಜದಲ್ಲಿ ಅವನು ಮನಸ್ಸಿಟ್ಟು ಸರಕು ನೋಡುತ್ತಿರುವ ಅತ್ಯುತ್ತಮ ಗ್ರಾಹಕ. ಅವನು ಬಂದದ್ದಕ್ಕೆ ಗೂಗಲ್ ಅಂಗಡಿಗೆ ಬಿಲ್ ಮಾಡಿದ್ದು ಒಂದೇ ಸಲ.

ಗೂಗಲ್ ಇಲ್ಲಿ ತನ್ನ ಹಿತಾಸಕ್ತಿಯಿಂದಲೇ ಬರೆದಿದ್ದರೂ ತಾಂತ್ರಿಕವಾಗಿ ಅದರ ಮಾತು ಸರಿ. ಅದು ಸೂಚಿಸಿದ ಪರಿಹಾರವೂ ಒಳ್ಳೆಯದೇ. ಪ್ರತಿಯೊಂದು ಕ್ಲಿಕ್‌ಗೂ ಬೇರೆ ಬೇರೆ ಗುರುತಿನ ಸಂಖ್ಯೆಯನ್ನು ಅಂಗಡಿಯ ಪುಟದ ವಿಳಾಸಕ್ಕೆ ಅಂಟಿಸಿ ಕಳುಹಿಸುವುದು. ಜಾಹೀರಾತಿನಿಂದ ಬಂದ ವಿಳಾಸಗಳಲ್ಲಿ ‘ಜಿಸಿಎಲ್‌ಐಡಿ’ (gclid) ಎಂಬ ಉದ್ದನೆಯ ಬಾಲವನ್ನು ನೀವು ನೋಡಿರಬಹುದು, ಅದು ಇದೇ. ಗ್ರಾಹಕ ಬ್ಯಾಕ್ ಒತ್ತಿದರೂ ರಿಫ್ರೆಶ್ ಮಾಡಿದರೂ ಸಂಖ್ಯೆ ಬದಲಾಗುವುದಿಲ್ಲ, ಹಾಗಾಗಿ ಅಂಗಡಿಯವನು ನಾಲ್ಕನ್ನೂ ಒಂದೆಂದು ಹಿಡಿಯಬಹುದು. ಜಾಹೀರಾತನ್ನು ನಿಜವಾಗಿ ಮತ್ತೆ ಒತ್ತಿದರೆ ಹೊಸ ಸಂಖ್ಯೆ ಬರುತ್ತದೆ. ಎಣಿಸುವವನೂ ಹಣ ಕೊಡುವವನೂ ಒಂದೇ ಘಟನೆಗೆ ಒಂದೇ ಹೆಸರಿಟ್ಟು ಮಾತನಾಡಲು ಇದರಿಂದ ಸಾಧ್ಯವಾಯಿತು.

ನಂತರ

ರಾಜಿಗೆ ಅಂತಿಮ ಒಪ್ಪಿಗೆ ಸಿಕ್ಕ ಆ ವಾರದಲ್ಲೇ ಗೂಗಲ್ ಜಾಹೀರಾತುದಾರರ ವರದಿಗೆ ಹೊಸ ಅಂಕಣ ಸೇರಿಸಿತು: ನಿಮ್ಮ ಜಾಹೀರಾತಿನ ಮೇಲಿನ ಎಷ್ಟು ಕ್ಲಿಕ್‌ಗಳನ್ನು ನಾವು ಅಸಿಂಧು ಎಂದು ತೆಗೆದುಹಾಕಿದ್ದೇವೆ, ಒಟ್ಟಿನಲ್ಲಿ ಅದು ಶೇಕಡಾ ಎಷ್ಟು ಎಂದು. ಮುಂದಿನ ವರ್ಷ ಕಂಪನಿ ಇನ್ನೂ ಒಂದು ಹೆಜ್ಜೆ ಹೊರಗಿಟ್ಟಿತು. ತಾನಾಗಿ ಸೋಸಿ ತೆಗೆಯುವ ಕ್ಲಿಕ್‌ಗಳು ಒಟ್ಟು ಕ್ಲಿಕ್‌ಗಳ ಶೇಕಡಾ 10ಕ್ಕಿಂತ ಕಡಿಮೆ, ದೂರು ಬಂದ ಮೇಲೆ ಪರಿಶೀಲಿಸಿ ಅಸಿಂಧು ಎಂದು ಒಪ್ಪಿಕೊಂಡವು ಶೇಕಡಾ 0.02ಕ್ಕಿಂತ ಕಡಿಮೆ ಎಂದಿತು. ಎರಡನೇ ಅಂಕಿಯನ್ನು ವಂಚನೆ ಅಪರೂಪ ಎಂಬುದಕ್ಕೆ ಆಧಾರವಾಗಿ ಮಂಡಿಸಲಾಯಿತು. ದೂರು ಕೊಡಲು ಬೇಕಾದ ಮಾಹಿತಿಯೇ ಕೈಯಲ್ಲಿಲ್ಲದವರು ದೂರು ಕೊಡುವುದೂ ಕಡಿಮೆ ಎಂಬುದನ್ನು ಅದರ ಪಕ್ಕದಲ್ಲಿಟ್ಟು ಓದಬೇಕು.

ಅಳತೆಯ ಒಪ್ಪಂದಕ್ಕೆ ಇನ್ನೂ ಎರಡು ವರ್ಷ ಹಿಡಿಯಿತು. ಅಮೆರಿಕದ ಜಾಲ ಜಾಹೀರಾತು ಉದ್ಯಮದ ಒಕ್ಕೂಟವಾದ ಐಎಬಿ 2009ರಲ್ಲಿ ಕ್ಲಿಕ್ ಅಳತೆಯ ಮಾರ್ಗಸೂಚಿ ಹೊರಡಿಸಿತು. ಅದು ಒಂದು ಕ್ಲಿಕ್ಕನ್ನು ಹಂತಗಳಾಗಿ ಬಿಡಿಸುತ್ತದೆ: ಬಳಕೆದಾರ ಕೊಂಡಿ ಒತ್ತಿದ್ದು ಒಂದು, ಎಣಿಸುವ ಸರ್ವರ್ ಅದನ್ನು ದಾಖಲಿಸಿ ಮುಂದಕ್ಕೆ ಕಳುಹಿಸಿದ್ದು ಇನ್ನೊಂದು, ಜಾಹೀರಾತುದಾರನ ಸರ್ವರ್‌ಗೆ ಕೋರಿಕೆ ತಲುಪಿದ್ದು ಮತ್ತೊಂದು, ಪುಟ ನಿಜವಾಗಿ ತೆರೆದದ್ದು ಕೊನೆಯದು. ಪ್ರತಿ ಹಂತದಲ್ಲೂ ಒಂದಷ್ಟು ಸೋರಿಹೋಗುತ್ತದೆ. ಬೇಸತ್ತು ಪುಟ ಮುಚ್ಚುವವರಿರುತ್ತಾರೆ, ಸಂಪರ್ಕ ಕಡಿದುಹೋಗುತ್ತದೆ, ಎರಡನೇ ಒತ್ತು ಮೊದಲನೆಯದನ್ನು ನುಂಗುತ್ತದೆ. ಎಣಿಸುವವರ ಲೆಕ್ಕಕ್ಕೂ ಅಂಗಡಿಯವನ ಲೆಕ್ಕಕ್ಕೂ ತಾಳೆಯಾಗದಿದ್ದರೆ ಯಾರೋ ಕದ್ದಿದ್ದಾರೆ ಎನ್ನುವ ಮುಂಚೆ, ಇಬ್ಬರೂ ಯಾವ ಹಂತವನ್ನು ಎಣಿಸುತ್ತಿದ್ದಾರೆ ಎಂದು ಕೇಳಲು ಒಂದು ಭಾಷೆ ಸಿಕ್ಕಿತು. ಎಣಿಕೆಯ ಪದ್ಧತಿಯನ್ನು ಹೊರಗಿನವರಿಂದ ಪರಿಶೋಧಿಸಿಕೊಳ್ಳಬೇಕೆಂದೂ ಅದು ಹೇಳುತ್ತದೆ. ಟುಜಿಲಿನ್ ಬರೆದ ಇಕ್ಕಟ್ಟಿಗೆ ಸದ್ಯಕ್ಕೆ ಸಿಕ್ಕಿರುವ ಮಧ್ಯದ ದಾರಿ ಇದೇ: ಸೋಸಣಿಗೆಯ ಗುಟ್ಟನ್ನು ಊರಿಗೆಲ್ಲ ಹೇಳುವುದು ಬೇಡ, ಎಣಿಸುವವನ ನೌಕರರಲ್ಲದ ಹೊರಗಿನ ಪರಿಶೋಧಕರೊಬ್ಬರಿಗಾದರೂ ತೋರಿಸಬೇಕು.

ಕನ್ನಡದಲ್ಲಿ ಒಂದು ಸಣ್ಣ ತಾಣ ನಡೆಸುವವರಿಗೆ ಈ ಪ್ರಕರಣದಿಂದ ನೇರವಾಗಿ ಬಳಕೆಗೆ ಬರುವ ಸಂಗತಿಗಳಿವೆ. ಪುಸ್ತಕವೊಂದರ ಪಿಡಿಎಫ್ ಕೊಂಡಿಯನ್ನು ಎಷ್ಟು ಜನ ಒತ್ತಿದರು ಎಂದು ಎಣಿಸುತ್ತಿದ್ದೀರಿ ಎನ್ನಿ. ನಡುವೆ ಎಣಿಸುವ ಸರ್ವರ್ ಇರುವ ಆ ಕೊಂಡಿಯನ್ನು ಯಾರಾದರೂ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿದರೆ, ಮುನ್ನೋಟದ ಚಿತ್ರ ತೋರಿಸಲು ಆ್ಯಪ್ ಆ ಪುಟವನ್ನು ತಾನೇ ಕೇಳಿ ತರಿಸಿಕೊಳ್ಳುತ್ತದೆ. ಇನ್ನೂ ಯಾರೂ ಒತ್ತಿರುವುದಿಲ್ಲ, ಕಡತದಲ್ಲಿ ಸಾಲು ಬಿದ್ದಿರುತ್ತದೆ. ಕಚೇರಿಗಳ ಇಮೇಲ್ ಭದ್ರತಾ ವ್ಯವಸ್ಥೆ ಪತ್ರದೊಳಗಿನ ಕೊಂಡಿಗಳನ್ನು ಪರೀಕ್ಷಿಸಲು ಮುಂಚಿತವಾಗಿ ತೆರೆದು ನೋಡುತ್ತದೆ. ಹುಡುಕಾಟ ಕಂಪನಿಗಳ ಯಂತ್ರಗಳು ಹಗಲೂ ರಾತ್ರಿ ಬಂದು ಹೋಗುತ್ತವೆ. ಇವರಲ್ಲಿ ಯಾರೂ ಮೋಸಗಾರರಲ್ಲ, ಆದರೂ ಒಬ್ಬರೂ ನಿಮ್ಮ ಓದುಗರಲ್ಲ. ಬ್ರೌಸರ್ ತನ್ನ ಬಗ್ಗೆ ಹೇಳಿಕೊಳ್ಳುವ ಸಾಲನ್ನು ನೋಡಿ, ಹೆಸರು ಹೇಳಿಕೊಳ್ಳುವ ಯಂತ್ರಗಳನ್ನು ಮೊದಲು ಬೇರ್ಪಡಿಸಿ. ಒಂದೇ ಕುಕಿಯಿಂದ ಒಂದೇ ಕೊಂಡಿಗೆ ಸೆಕೆಂಡಿನೊಳಗೆ ಬಂದ ಎರಡು ಕೋರಿಕೆಗಳನ್ನು ಒಂದೆಂದು ಹಿಡಿಯಿರಿ. ಐಪಿ ವಿಳಾಸವನ್ನು ಮಾತ್ರ ನಂಬಿ ಕಳೆಯಲು ಹೋಗಬೇಡಿ. ಒಂದು ಕಾಲೇಜಿನ ನೂರಾರು ವಿದ್ಯಾರ್ಥಿಗಳು, ಒಂದು ಮೊಬೈಲ್ ಕಂಪನಿಯ ಸಾವಿರಾರು ಗ್ರಾಹಕರು ಹೊರಗಿನ ಜಾಲಕ್ಕೆ ಒಂದೇ ವಿಳಾಸದಲ್ಲಿ ಕಾಣಿಸಿಕೊಳ್ಳುತ್ತಾರೆ, ಅವರೆಲ್ಲ ನಿಜವಾದ ಓದುಗರು.

ನೀವು ಎಲ್ಲಿ ಗೆರೆ ಎಳೆದಿದ್ದೀರಿ ಎಂಬುದನ್ನು ಸಂಖ್ಯೆಯ ಕೆಳಗೇ ಎರಡು ಸಾಲಿನಲ್ಲಿ ಬರೆದು ತೋರಿಸಿ. ಹಣ ಪಾವತಿಯ ಲೆಕ್ಕವಲ್ಲವಾದ್ದರಿಂದ ನಿಮಗೆ ಗುಟ್ಟಿನ ಕಾರಣವೂ ಇಲ್ಲ. ಗೆರೆಯನ್ನು ಬದಲಿಸಿದ ದಿನಾಂಕವನ್ನೂ ಬರೆದಿಡಿ. 2005ರ ಬದಲಾವಣೆಗೆ ಮುಂಚಿನ ಒಂದು ತಿಂಗಳ ಗೂಗಲ್ ಕ್ಲಿಕ್ ಸಂಖ್ಯೆಯನ್ನೂ ಅದರ ನಂತರದ ಒಂದು ತಿಂಗಳ ಸಂಖ್ಯೆಯನ್ನೂ ಪಕ್ಕಪಕ್ಕ ಇಟ್ಟು ಓದುವವನಿಗೆ, ಆ ದಿನಾಂಕ ತಿಳಿಯದಿದ್ದರೆ, ಕಡಿಮೆಯಾದದ್ದು ಗ್ರಾಹಕರೋ ಅಥವಾ ಲೆಕ್ಕದಿಂದ ಬಿಟ್ಟುಹೋದ ಎರಡನೇ ಒತ್ತುಗಳೋ ಎಂದು ಹೇಳಲು ಬರುವುದಿಲ್ಲ.